ಆಷಾಢದಲ್ಲಿ ಅರ್ಧ ಬೆಲೆ

ಆಷಾಢ ಬಂತೆಂದರೆ ಹಳ್ಳಿಯ ಕಡೆ ಗಾಳಿ ಬೀಸುತ್ತದೆ. ಬೆಂಗಳೂರಿನಲ್ಲಿ ಬೀರುವಿನ ಬಾಗಿಲು ಬಡಿದುಕೊಳ್ಳುತ್ತದೆ. ಒಳ್ಳೆಯ ಕೆಲಸ ಏನೂ ಮಾಡಬಾರದ ತಿಂಗಳು ಇದು. ಮದುವೆ ಇಲ್ಲ, ಮುಂಜಿ ಇಲ್ಲ, ಗೃಹಪ್ರವೇಶ ಇಲ್ಲ. ಹೊಸದಾಗಿ ಮದುವೆಯಾದ ಹುಡುಗಿ ಅತ್ತೆಯ ಜೊತೆ ಒಂದೇ ಸೂರಿನಡಿ ಇರಬಾರದೆಂದು ತವರಿಗೆ ಹೋಗುತ್ತಾಳೆ. ಮದುವೆಯೇ ಇಲ್ಲದ ಮೇಲೆ ಸೀರೆ ಯಾರು ಕೊಳ್ಳುತ್ತಾರೆ? ಯಾರೂ ಕೊಳ್ಳದಿದ್ದರೆ ಅಂಗಡಿಯವನು ಏನು ಮಾಡಬೇಕು? ಅರ್ಧ ಬೆಲೆ ಅನ್ನಬೇಕು. ಅಂದ. ಅಲ್ಲಿಂದಾಚೆಗೆ ಆಷಾಢದ ಅಮಂಗಳವೆಲ್ಲ ಗಂಡಂದಿರ ಪರ್ಸಿಗೆ ವರ್ಗವಾಯಿತು. ನಮ್ಮ ಮನೆಯಲ್ಲಿ ಹೀಗಿಲ್ಲಪ್ಪ ಅಂತ ಮಾತ್ರ ಹೇಳಬೇಡಿ. ನಿಮ್ಮನ್ನು ನಾನು ಚಿಕ್ಕಪೇಟೆಯಲ್ಲಿ ನೋಡಿದ್ದೇನೆ. ಎರಡೂ ಕೈಯಲ್ಲಿ ಚೀಲ ಇತ್ತು, ಆದ್ದರಿಂದ ನೀವು ನಮಸ್ಕಾರ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಒಂದೇ ತಿಂಗಳಲ್ಲಿ ಮುಗಿದುಹೋಗುವ ಕಷ್ಟವೂ ಅಲ್ಲ. ನಮ್ಮ ಆಷಾಢ ಜೂನ್‌–ಜುಲೈ ಹೊತ್ತಿಗೆ ಶುರುವಾದರೆ, ತಮಿಳರ ಆಡಿ ತಿಂಗಳು ಜುಲೈ ಮಧ್ಯದಿಂದ ಹಿಡಿದು ಆಗಸ್ಟ್ ಮಧ್ಯದವರೆಗೆ ಎಳೆಯುತ್ತದೆ. ಅಲ್ಲಿಯೂ ಶುಭಕಾರ್ಯ ಇಲ್ಲ, ಅಲ್ಲಿಯೂ ತಳ್ಳುಬಡಿ, ಅಂದರೆ ರಿಯಾಯಿತಿ. ಎರಡೂ ಪಂಚಾಂಗದವರು ಒಂದೇ ಬೀದಿಯಲ್ಲಿ ವಾಸಿಸುವ ಬೆಂಗಳೂರಿನಲ್ಲಿ ಒಂದರ ಬ್ಯಾನರ್ ಇಳಿಸುವ ಮೊದಲೇ ಇನ್ನೊಂದರದು ಏರಿರುತ್ತದೆ. ಸಾಲದ್ದಕ್ಕೆ 2015ರಲ್ಲಿ ಅಧಿಕ ಮಾಸ ಬೇರೆಲ್ಲೂ ಹೋಗದೆ ಆಷಾಢಕ್ಕೇ ಬಂದು ಕೂತು, ಎರಡೆರಡು ಆಷಾಢಗಳಾದವು. ಅಂಥ ವರ್ಷಗಳಲ್ಲೇ ಪುರಿಯ ಜಗನ್ನಾಥ ಹಳೆಯ ಮರದ ದೇಹ ಬಿಟ್ಟು ಹೊಸದು ತಾಳುವುದು, ನವಕಳೇಬರ ಅನ್ನುತ್ತಾರೆ. ಅದಕ್ಕೂ ಮೊದಲು ಆಗಿದ್ದು 1996ರಲ್ಲಂತೆ. ಟಿವಿಯಲ್ಲಿ ಅದನ್ನು ಭಕ್ತಿಯಿಂದ ನೋಡುತ್ತಿದ್ದ ನನ್ನಾಕೆ, ಕೈಮುಗಿದದ್ದನ್ನು ಬಿಡಿಸದೆಯೇ ನನ್ನ ಕಡೆ ತಿರುಗಿ, “ನೋಡಿದ್ರಾ? ದೇವರೇ ಹತ್ತೊಂಬತ್ತು ವರ್ಷಕ್ಕಾದ್ರೂ ಒಂದ್ಸಲ ಎಲ್ಲಾ ಹೊಸದು ಮಾಡ್ಕೋತಾನೆ. ನಿಮ್ಮ ಆ ಕಂದು ಪ್ಯಾಂಟು ಎಷ್ಟು ವರ್ಷದ್ದು?” ಎಂದಳು.

ಆ ಕಂದು ಪ್ಯಾಂಟಿನ ವಿಷಯ ಹೇಳಲೇಬೇಕು. ಅದು ನಮ್ಮ ಮದುವೆಯ ಆರತಕ್ಷತೆಗೆ ಹೊಲಿಸಿದ್ದು. ಆಗ ಸೊಂಟ ಮೂವತ್ತೆರಡು. ಈಗಿನದು ಎಷ್ಟು ಅನ್ನುವುದು ನಮ್ಮ ದರ್ಜಿಗೂ ನನಗೂ ಮಧ್ಯೆ ಇರುವ ಗುಟ್ಟು. ಅವನು ಕೂಡ ಅಳತೆಯ ಪುಸ್ತಕದಲ್ಲಿ ಅದನ್ನು ಬರೆಯುವಾಗ ಕೈ ಮರೆ ಮಾಡಿಕೊಳ್ಳುತ್ತಾನೆ. ಆದರೂ ಆ ಪ್ಯಾಂಟನ್ನು ನಾನು ಬಿಟ್ಟುಕೊಟ್ಟಿರಲಿಲ್ಲ, ಏಕೆಂದರೆ ನಾನು ಮತ್ತೆ ಸಣ್ಣಗಾಗುವವನಿದ್ದೇನೆ. ಬರುವ ಸೋಮವಾರದಿಂದ ಲಾಲ್‌ಬಾಗಿನಲ್ಲಿ ವಾಕಿಂಗ್. ಯಾವ ಸೋಮವಾರ ಅಂತ ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ.

ಬೀರುವಿನಲ್ಲಿ ಐದು ಅರೆಗಳಿವೆ. ಮೂರು ಇವಳ ಸೀರೆಗೆ, ಒಂದು ಅಮ್ಮನಿಗೆ. ಉಳಿದ ಒಂದು ನನ್ನದು ಅಂತ ಹೇಳುತ್ತಾರೆ. ಅದರಲ್ಲಿ ಗಣೇಶನ ಮಂಟಪದ ಥರ್ಮೋಕೋಲು, ನೆಂಟರು ಬಂದರೆ ಹಾಸುವ ಬೆಡ್‌ಶೀಟು, ಮಗನ ಎರಡನೇ ಕ್ಲಾಸಿನ ಛದ್ಮವೇಷದ ಕೃಷ್ಣನ ಕಿರೀಟ, ಇವೆಲ್ಲದರ ಕೆಳಗೆ ನಾನು. ನನ್ನ ಬಟ್ಟೆ ಬೇಕೆಂದರೆ ಮೊದಲು ನುಸಿಗುಳಿಗೆಯ ವಾಸನೆ ಹಿಡಿದು ಹೊರಟು, ಆಮೇಲೆ ಕೈಹಾಕಿ ತಡಕಬೇಕು. ಹೀಗಾಗಿ ಎಷ್ಟೋ ದಿನ ಕಿರೀಟ ಹಿಡಿದುಕೊಂಡು ಹೊರಬಂದಿದ್ದೇನೆ.

ಆಷಾಢದ ಮೊದಲ ಭಾನುವಾರ ಇವಳು ಬೀರು ಖಾಲಿ ಮಾಡುತ್ತಾಳೆ. ಮಂಚದ ಮೇಲೆ ಬಟ್ಟೆ ರಾಶಿ ಬೀಳುತ್ತದೆ. ಅವಳ ಸೀರೆ ಒಂದೊಂದೇ ಎತ್ತಿ, “ಇದು ಅಮ್ಮ ಕೊಟ್ಟಿದ್ದು, ಇದು ಹೊಸಮನೆಗೆ ಉಟ್ಟಿದ್ದು, ಇದು ಸ್ವಲ್ಪ ಹಳೇದು, ಆದ್ರೆ ಅಂಚು ನೋಡಿ ಎಷ್ಟು ಚೆನ್ನಾಗಿದೆ” ಎಂದು ಮತ್ತೆ ಅದೇ ಅರೆಗೆ ಸೇರಿಸುತ್ತಾಳೆ. ನನ್ನ ಬಟ್ಟೆಗಳಿಗೆ ಈ ಚರಿತ್ರೆಯ ಸೌಲಭ್ಯ ಇಲ್ಲ.

“ಇದು ಬೇಕಾ?”

“ಬೇಕು ಕಣೇ.”

“ಹಾಕ್ಕೊಂಡು ತೋರಿಸಿ.”

ಪ್ಯಾಂಟು ಮೊಣಕಾಲಿನವರೆಗೆ ಹಳೆಯ ಸ್ನೇಹ ನೆನೆದು ಬಂತು. ತೊಡೆಯ ಹತ್ತಿರ ಮುನಿಸಿಕೊಂಡಿತು. ಉಸಿರು ಒಳಗೆ ಎಳೆದುಕೊಂಡು, ಗೋಡೆಗೆ ಬೆನ್ನು ಕೊಟ್ಟು, ಜಿಪ್ಪನ್ನು ಅರ್ಧ ದಾರಿಯವರೆಗೆ ಒಲಿಸಿದೆ. ಅಷ್ಟರಲ್ಲಿ ಹಾಲ್‌ನಿಂದ ಅಮ್ಮ, “ಏನೋ ಅದು ಸದ್ದು? ಮತ್ತೆ ಬೆಕ್ಕು ಬಂತಾ?” ಎಂದರು. ಅದು ನನ್ನ ಉಸಿರು. ಇವಳು ಏನೂ ಅನ್ನಲಿಲ್ಲ. ಅನ್ನದಿದ್ದರೆ ತೀರ್ಪು ಬಂತು ಅಂತಲೇ ಅರ್ಥ.

ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸು ನಮ್ಮ ಬೀದಿಗೆ ಬರುವುದು ನಾನು ಆಫೀಸಿನಲ್ಲಿರುವ ಹೊತ್ತಿಗೆ. ಇದು ಕಾಕತಾಳೀಯ ಅಲ್ಲವೆಂದು ನನಗೆ ಬಲವಾದ ಅನುಮಾನ. ಅವಳು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವ ರೀತಿ ಯಾವ ಅಕ್ಕಸಾಲಿಗನಿಗೂ ಬರುವುದಿಲ್ಲವಂತೆ. ನನ್ನ ನಾಲ್ಕು ಶರ್ಟು, ಒಂದು ಸಫಾರಿ ಕೋಟು, ಕಂದು ಪ್ಯಾಂಟು ಇಷ್ಟನ್ನೂ ನೋಡಿ, “ಇದಕ್ಕೆ ಒಂದು ಸೌಟು ಬರ್ತದೆ ಅಕ್ಕ” ಅಂದಳಂತೆ. ಇವಳು ಬಿಡುತ್ತಾಳೆಯೇ? ಪ್ಯಾಂಟಿನ ಒಳಹೊಲಿಗೆ ತೆಗೆದು ತೋರಿಸಿ, “ನಮ್ಮನೆಯವರು ಇದನ್ನ ಹಾಕಿದ್ದೇ ಕಮ್ಮಿ, ಆಗ್ತಾನೇ ಇರ್ಲಿಲ್ಲ” ಎಂದು ವಾದಿಸಿ, ಕೊನೆಗೆ ಶಾವಿಗೆ ಬಸಿಯುವ ತೂತಿನ ಪಾತ್ರೆ ಗಿಟ್ಟಿಸಿದ್ದಾಳೆ. ಆ ಪಾತ್ರೆಯವಳು ಹೋಗುವ ಮೊದಲು ಅಮ್ಮನ ಅರೆಯ ಮೇಲೂ ಒಂದು ಕಣ್ಣು ಹಾಕಿ, “ಆ ಜರಿ ಸೀರೆ ಕೊಟ್ರೆ ದೊಡ್ಡ ಡಬರಿ ಕೊಡ್ತೀನಿ ಅಜ್ಜಿ” ಅಂದಳಂತೆ. ಅದು ಅಮ್ಮನ ಮದುವೆಯ ಮೈಸೂರು ಸಿಲ್ಕು. ಜರಿಯಲ್ಲಿ ಬೆಳ್ಳಿ, ಅದರ ಮೇಲೆ ಚಿನ್ನದ ಲೇಪ. ಅಮ್ಮ ಎದ್ದು ನಿಂತು, ನಾಲ್ವಡಿಯವರ ಕಾಲದಲ್ಲಿ 1912ರಲ್ಲಿ ಶುರುವಾದ ಕಾರ್ಖಾನೆಯಿಂದ ಹಿಡಿದು ಚರಿತ್ರೆ ಒಪ್ಪಿಸಿದರಂತೆ. ಪಾತ್ರೆಯವಳು ನೀರು ಕೇಳಿ ಕುಡಿದು ಹೋದಳಂತೆ. ಇದೆಲ್ಲ ನನಗೆ ಗೊತ್ತಾದದ್ದು ರಾತ್ರಿ, ಶಾವಿಗೆ ಉಪ್ಪಿಟ್ಟು ಬಡಿಸಿದ ಮೇಲೆ. ಉಪ್ಪಿಟ್ಟು ಉದುರುದುರಾಗಿತ್ತು. ನನ್ನ ಯೌವನದ ಮೂಲಕ ಬಸಿದದ್ದಲ್ಲವೇ, ಎರಡನೇ ಸಲವೂ ಹಾಕಿಸಿಕೊಂಡೆ.

ಹೀಗೆ ಬೀರುವಿನಲ್ಲಿ ಜಾಗ ಆಯಿತು. ಜಾಗ ಆದಮೇಲೆ ತುಂಬಬೇಕಲ್ಲ. ಮುಂದೆ ಶ್ರಾವಣ, ಮಂಗಳಗೌರಿ, ವರಮಹಾಲಕ್ಷ್ಮಿ, ಆಮೇಲೆ ಗೌರಿ–ಗಣೇಶ. “ಒಂದೊಂದು ಹಬ್ಬಕ್ಕೂ ಒಂದೊಂದು ಬೇಡ್ವಾ?” ಎಂದು ಇವಳು ಕೇಳಿದಾಗ, “ದೇವರು ಹೋದ ವರ್ಷದ್ದನ್ನ ನೆನಪಿಟ್ಕೊಂಡಿರ್ತಾನಾ?” ಎಂದು ನಾನು ತರ್ಕ ಹೂಡಿದೆ. “ದೇವರಲ್ಲ, ಮೂಲೆ ಮನೆಯವರು ನೆನಪಿಟ್ಕೊಂಡಿರ್ತಾರೆ” ಎಂದಳು. ಇದಕ್ಕೆ ಉತ್ತರ ಇದ್ದರೆ ನೀವೇ ಹೇಳಿ.

ಮೊದಲೆಲ್ಲ ನನ್ನ ಹತ್ತಿರ ಒಂದು ಬ್ರಹ್ಮಾಸ್ತ್ರ ಇತ್ತು. “ಚಿಕ್ಕಪೇಟೇಲಿ ಗಾಡಿ ಎಲ್ಲಿ ನಿಲ್ಲಿಸೋದು?” ಎಂದರೆ ಸಾಕು, ಒಂದು ವಾರವಾದರೂ ಮುಂದೆ ಹೋಗುತ್ತಿತ್ತು. 2017ರಲ್ಲಿ ಹಸಿರು ಮಾರ್ಗದ ಸುರಂಗ ತೆರೆದು, ಚಿಕ್ಕಪೇಟೆಗೇ ಒಂದು ಮೆಟ್ರೋ ನಿಲ್ದಾಣ ಕೊಟ್ಟರು. ಊರಿನವರೆಲ್ಲ ಸಂಭ್ರಮಪಟ್ಟರು. ನಾನು ಬನಶಂಕರಿ ನಿಲ್ದಾಣದ ಮೆಟ್ಟಿಲ ಮೇಲೆ ನಿಂತು, ನನ್ನ ಅಸ್ತ್ರ ನೆಲದೊಳಗೆ ಹೋದದ್ದನ್ನು ಕಣ್ಣಾರೆ ನೋಡಿದೆ.

ಚಿಕ್ಕಪೇಟೆಯ ಬಗ್ಗೆ ಒಂದು ಕತೆ ಇದೆ. 1537ರಲ್ಲಿ ಕೆಂಪೇಗೌಡರು ಬೆಂಗಳೂರು ಕಟ್ಟುವಾಗ ದೊಡ್ಡಪೇಟೆ ಚಿಕ್ಕಪೇಟೆ ಕೂಡುವ ಜಾಗದಿಂದ ನಾಲ್ಕು ದಿಕ್ಕಿಗೂ ಎತ್ತು ಹೂಡಿ ಉಳುಮೆ ಮಾಡಿಸಿದರಂತೆ. ನೇಗಿಲ ಗೆರೆ ಹೋದಲ್ಲೆಲ್ಲ ಬೀದಿಯಾಯಿತಂತೆ. ದೊಡ್ಡಪೇಟೆ ಈಗ ಅವೆನ್ಯೂ ರಸ್ತೆಯಾಗಿದೆ. ಮಿಕ್ಕಂತೆ ಪದ್ಧತಿ ಏನೂ ಬದಲಾಗಿಲ್ಲ, ಈಗಲೂ ಅದೇ ಕೂಡುರಸ್ತೆಯಲ್ಲಿ ನಾಲ್ಕು ದಿಕ್ಕಿಗೂ ನಮ್ಮಂಥವರನ್ನು ಹೂಡುತ್ತಾರೆ.

ಅಂಗಡಿ ಹತ್ತುವ ಮೊದಲು ಮೆಟ್ಟಿಲ ಹತ್ತಿರ ನನಗೆ ಪಾಠ ಆಗುತ್ತದೆ. “ಒಳಗಡೆ ನೀವು ಬಾಯಿ ಬಿಡಬಾರದು. ಸೀರೆ ಚೆನ್ನಾಗಿದ್ರೂ ಮುಖದಲ್ಲಿ ತೋರಿಸಬಾರದು. ನಾನು ಎದ್ದರೆ ನೀವೂ ಏಳಬೇಕು.” ಇಷ್ಟು ಸರಳವಾದ ಪಾಠ. ಬಿಳಿಯ ಹಾಸಿನ ಮೇಲೆ ಇವಳು ಕೂತಳು. ಹುಡುಗ ಒಂದರ ಮೇಲೊಂದು ಸೀರೆ ಬಿಚ್ಚಿ ಎಸೆದ. ಇವಳ ಮುಖದಲ್ಲಿ, ಬೇಳೆಯಲ್ಲಿ ಕಲ್ಲು ಆರಿಸುವಾಗ ಇರುವ ತಾತ್ಸಾರ. ಅಷ್ಟರಲ್ಲಿ ಒಂದು ನೇರಳೆ ಬಣ್ಣದ, ಹಸಿರಂಚಿನ ಸೀರೆ ಬಿಚ್ಚಿಕೊಂಡಿತು ನೋಡಿ, ನನ್ನ ಬಾಯಿಂದ, “ಆಹಾ!” ಎಂದು ಬಂದೇಬಿಟ್ಟಿತು.

ಹುಡುಗ ನನ್ನ ಕಡೆ ತಿರುಗಿದ. ಗಲ್ಲೆಯ ಹಿಂದೆ ಕೂತಿದ್ದ ಯಜಮಾನ ತಿರುಗಿದ. ಇವಳು ಮಾತ್ರ ತಿರುಗಲಿಲ್ಲ. ಅವಳ ಬೆನ್ನೇ ನನಗೆ ಏನೇನು ಹೇಳಬೇಕೋ ಹೇಳಿತು. “ಸಾರ್‌ಗೆ ಟೇಸ್ಟ್ ಇದೆ. ಸಾರ್‌ಗೆ ಒಂದು ಕಾಫಿ ಹೇಳೋ” ಎಂದ ಯಜಮಾನ. ಆ ಕಾಫಿಯ ಬೆಲೆ ಐನೂರು ರೂಪಾಯಿ ಅಂತ ಆಮೇಲೆ ಮೆಟ್ರೋದಲ್ಲಿ ಲೆಕ್ಕವಾಯಿತು.

ನನ್ನನ್ನು ಗಂಡಂದಿರ ಬೆಂಚಿಗೆ ಕಳಿಸಿದರು. ಪ್ರತಿ ಸೀರೆ ಅಂಗಡಿಯಲ್ಲೂ ಬಾಗಿಲ ಪಕ್ಕ ಒಂದು ಬೆಂಚಿರುತ್ತದೆ, ಫ್ಯಾನು ತಲುಪದ ಜಾಗದಲ್ಲಿ. ನನ್ನ ಹಾಗೆ ಮೂವರು ಮೊದಲೇ ಕೂತಿದ್ದರು. ಪರಿಚಯ ಬೇಕಿರಲಿಲ್ಲ.

“ನಿಮ್ಮದು ಎಷ್ಟನೇ ಅಂಗಡಿ?” ಎಂದರು ಪಕ್ಕದವರು.

“ಇದೇ ಮೊದಲು.”

ಅವರು ಇನ್ನೊಬ್ಬರ ಮುಖ ನೋಡಿ ನಕ್ಕರು. ಆ ಇನ್ನೊಬ್ಬರು ಚೀಲದಿಂದ ಚಕ್ಕುಲಿ ಪೊಟ್ಟಣ ತೆಗೆದು, “ತಗೊಳಿ, ಇಟ್ಕೊಳಿ, ಮಧ್ಯಾಹ್ನದ ಮೇಲೆ ಬೇಕಾಗುತ್ತೆ” ಎಂದರು. ಮೂರನೆಯವರು ಬಳ್ಳಾರಿಯಿಂದ ಬಂದವರು. ಅವರ ಮಡಿಲಲ್ಲಿ ಬೇರೆ ಯಾರದೋ ಮಗು ನಿದ್ದೆ ಮಾಡುತ್ತಿತ್ತು. “ನಮ್ಮದಲ್ರೀ, ಅಕ್ಕಾರು ಕೊಟ್ಟು ಮ್ಯಾಲೆ ಹೋಗ್ಯಾರ” ಎಂದರು. ಆ ಬೆಂಚಿನ ಮೇಲೆ ಕೂತಷ್ಟು ಹೊತ್ತು ನನಗೆ ಸಿಕ್ಕ ಸಮಾಧಾನ ಯಾವ ಧ್ಯಾನ ಶಿಬಿರದಲ್ಲೂ ಸಿಕ್ಕಿಲ್ಲ.

ಅಲ್ಲಿಂದಲೇ ನಾನು ಇವಳ ವಿದ್ಯೆಯನ್ನು ಕಂಡೆ. ಯಜಮಾನ ಒಂದು ಬೆಲೆ ಹೇಳಿದ. ಇವಳು ನಗಲಿಲ್ಲ, ಸಿಟ್ಟಾಗಲಿಲ್ಲ. “ಅಣ್ಣಾ, ನಮ್ಮ ಮೂಲೆ ಮನೆಯವರಿಗೆ ಎಷ್ಟಕ್ಕೆ ಕೊಟ್ರಿ?” ಎಂದಳು. ಮೂಲೆ ಮನೆಯವರು ಯಾರೆಂದು ಅವನಿಗೆ ಹೇಗೆ ಗೊತ್ತು? ಆದರೂ ಅವನು ಹಿಂಜರಿದ. ಇವಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದಳು. ಹೊಸ್ತಿಲು ದಾಟಿದಳು. ಚಪ್ಪಲಿಗೆ ಕಾಲು ಹಾಕಿದಳು, ಎಡಗಾಲಿಗೆ ಮಾತ್ರ. “ಅಕ್ಕಾ, ಬನ್ನಿ ಅಕ್ಕಾ, ನಿಮ್ಮ ರೇಟೂ ಬೇಡ ನಮ್ಮ ರೇಟೂ ಬೇಡ” ಎಂಬ ಕೂಗು ಬಂತು. ಬಲಗಾಲಿನ ಚಪ್ಪಲಿ ಕೊನೆಗೂ ಹಾಕಿಕೊಳ್ಳಬೇಕಾಗಲಿಲ್ಲ.

ಇಷ್ಟೇ ತಾನೇ, ಎಂದುಕೊಂಡೆ.

ಪಕ್ಕದ ಬೀದಿಯಲ್ಲಿ ಗಂಡಸರ ಅಂಗಡಿ. ಇವಳನ್ನು ಫಾಲು ಬಟ್ಟೆ ಹುಡುಕಲು ಕಳಿಸಿ ನಾನೊಬ್ಬನೇ ಒಳಹೊಕ್ಕೆ. ಗಾಜಿನ ಮೇಲೆ ಎರಡಾಳೆತ್ತರದ ಅಕ್ಷರದಲ್ಲಿ 50+20 ಎಂದಿತ್ತು. ಈ ಮೋಸ ನನಗೆ ಗೊತ್ತು. ಜನ ಇದನ್ನು ಎಪ್ಪತ್ತು ಅಂದುಕೊಳ್ಳುತ್ತಾರೆ. ನೂರಕ್ಕೆ ಐವತ್ತು ಹೋಗಿ, ಉಳಿದ ಐವತ್ತರಲ್ಲಿ ಇಪ್ಪತ್ತು ಪರ್ಸೆಂಟು, ಅಂದರೆ ಹತ್ತು ರೂಪಾಯಿ ಹೋದರೆ ನಿಜಕ್ಕೂ ಸಿಗುವುದು ಅರವತ್ತು. ನಾನು ಇಂಥದಕ್ಕೆ ಬೀಳುವವನಲ್ಲ. ಕೌಂಟರಿನ ಹುಡುಗನನ್ನು ಕರೆದು, ಅವನ ಬಿಲ್ ಪುಸ್ತಕದ ಹಿಂಬದಿಯಲ್ಲೇ ಲೆಕ್ಕ ಹಾಕಿ ತೋರಿಸಿದೆ. ಹುಡುಗ ಗಮನವಿಟ್ಟು ಕೇಳಿ, “ಹೌದು ಸಾರ್, ಅರವತ್ತೇ. ಎಪ್ಪತ್ತು ಅಂತ ಎಲ್ಲೂ ಬರ್ದಿಲ್ವಲ್ಲ ಸಾರ್” ಎಂದ. ಅಲ್ಲಿದ್ದ ಇಬ್ಬರು ಹೆಂಗಸರು ನನ್ನನ್ನು ಕನಿಕರದಿಂದ ನೋಡಿದರು. “ಆ ಇಪ್ಪತ್ತು ಬೇಕಂದ್ರೆ ಮೂರು ಪೀಸು ತಗೋಬೇಕು ಸಾರ್” ಎಂದು ಹುಡುಗ ಸೇರಿಸಿದ.

ನೀಲಿಯ ಮೇಲೆ ಸಣ್ಣ ಬಿಳಿ ಆನೆಗಳ ಅಚ್ಚಿದ್ದ ಶರ್ಟು ನನ್ನ ಕಣ್ಣಿಗೆ ಬಿತ್ತು. ಚೀಟಿಯ ಮೇಲೆ 2,999. ಟ್ರಯಲ್ ರೂಮಿಗೆ ಹೋದೆ. ಟ್ರಯಲ್ ರೂಮಿನಲ್ಲಿ ಮೂರು ಕಡೆ ಕನ್ನಡಿ ಇಡುವ ಪದ್ಧತಿ ಯಾರು ತಂದರೋ, ಅವರಿಗೆ ಹೊಟ್ಟೆ ಇರಲಿಲ್ಲ. ನನಗೆ ಇಷ್ಟು ವರ್ಷ ಎದುರಿನಿಂದ ಮಾತ್ರ ಪರಿಚಯವಿದ್ದ ಒಬ್ಬ ಮನುಷ್ಯನನ್ನು ಅಲ್ಲಿ ಮೊದಲ ಬಾರಿ ಪಕ್ಕದಿಂದ ನೋಡಿದೆ. ಗುಂಡಿ ಹಾಕಿದರೆ ಮಧ್ಯದ ಎರಡು ಆನೆಗಳು ಬೇರೆಬೇರೆ ದಿಕ್ಕಿಗೆ ಎಳೆಯುತ್ತಿದ್ದವು.

“ದೊಡ್ಡ ಸೈಜ್ ಇಲ್ವಾ?”

“ಡಿಸ್ಕೌಂಟಲ್ಲಿ ಸ್ಲಿಮ್ ಫಿಟ್ ಮಾತ್ರ ಸಾರ್. ಈಗಿನ ಫ್ಯಾಷನ್ನೇ ಹಿಂಗೆ. ನಿಮಗೆ ಹತ್ತು ವರ್ಷ ಕಮ್ಮಿ ಕಾಣ್ತದೆ.”

ನೀವು ಏನೇ ಹೇಳಿ, ಹತ್ತು ವರ್ಷ ಕಡಿಮೆ ಅನ್ನುವುದು ಯಾವ ರಿಯಾಯಿತಿಗೂ ಮೇಲೆ. ಹೊಟ್ಟೆ ಒಳಗೆ ಎಳೆದು ಇನ್ನೊಮ್ಮೆ ನೋಡಿದೆ. ಎಂಟಾದರೂ ಕಡಿಮೆಯಾಗಿತ್ತು. ಈಗ ನನ್ನ ವಿದ್ಯೆ ತೋರಿಸುವ ಸಮಯ. “ಸಾವಿರಕ್ಕೆ ಕೊಡ್ತೀಯಾ?” ಎಂದೆ. “ಫಿಕ್ಸೆಡ್ ಸಾರ್.” ನಾನು ನಗಲಿಲ್ಲ, ಸಿಟ್ಟಾಗಲಿಲ್ಲ. “ನಮ್ಮ ಮೂಲೆ ಮನೆಯವರಿಗೆ ಎಷ್ಟಕ್ಕೆ ಕೊಟ್ಟೆ?” ಎಂದೆ. “ಯಾರು ಸಾರ್ ಅವರು?” ಎಂದ. ಇದಕ್ಕೆ ಇವಳು ಮುಂದೆ ಏನು ಹೇಳುತ್ತಾಳೆಂದು ನನಗೆ ತಿಳಿದಿರಲಿಲ್ಲ. ಬ್ಯಾಗು ಇರಲಿಲ್ಲವಾದ್ದರಿಂದ ಛತ್ರಿ ಎತ್ತಿಕೊಂಡು ಎದ್ದೆ. ಹೊಸ್ತಿಲು ದಾಟಿದೆ. ನಿಧಾನಿಸಿದೆ. ಬೂಟಿನ ದಾರ ಬಿಚ್ಚಿ ಕಟ್ಟಿದೆ. ಹಿಂದಿನಿಂದ ಯಾರೂ ಕೂಗಲಿಲ್ಲ. ಹತ್ತು ಹೆಜ್ಜೆ ಹೋಗಿ, ಕಬ್ಬಿನ ಹಾಲಿನವನ ಹತ್ತಿರ ನಿಂತೆ. ಅಲ್ಲಿಂದ ಅಂಗಡಿಯ ಬಾಗಿಲು ಕಾಣುತ್ತಿತ್ತು. ಹುಡುಗ ಬಾಗಿಲಿಗೆ ಬಂದ; ನನ್ನ ಎದೆ ಹಾರಿತು; ಅವನು ಆಕಳಿಸಿ ಒಳಗೆ ಹೋದ. ಒಂದು ಲೋಟ ಕಬ್ಬಿನ ಹಾಲು ಕುಡಿದೆ. ನಿಂತು ಸುಮ್ಮನೆ ನೋಡುವುದು ಸರಿಯಲ್ಲವೆಂದು ಇನ್ನೊಂದು ಕುಡಿದೆ. ಕೊನೆಗೆ, ಛತ್ರಿ ಮರೆತವನ ಅವಸರದಲ್ಲಿ ಮತ್ತೆ ಒಳಗೆ ಹೋದೆ.

“ನನ್ನ ಛತ್ರಿ ಇಲ್ಲೇ ಬಿಟ್ಟೆ ಅನ್ಸುತ್ತೆ.”

“ಕೈಯಲ್ಲೇ ಇದೆ ಸಾರ್.”

ಇಂಥ ಸಂದರ್ಭದಲ್ಲಿ ಮರ್ಯಾದಸ್ಥನಾದವನು ಏನು ಮಾಡಬೇಕು? ಶರ್ಟು ಪ್ಯಾಕ್ ಮಾಡು ಅನ್ನಬೇಕು. ಅಂದೆ. ಆ ಇಪ್ಪತ್ತರ ಆಸೆಗೆ ಎರಡನೆಯದಾಗಿ ಒಂದು ಕರವಸ್ತ್ರದ ಡಬ್ಬಿ, ಮೂರನೆಯದಾಗಿ ಒಂದು ಟೈ ತೆಗೆದುಕೊಂಡೆ, ಕೆಂಪಿನ ಮೇಲೆ ಹಳದಿ ಗೆರೆ. ನಮ್ಮ ವಂಶದಲ್ಲಿ ಟೈ ಕಟ್ಟಿದವರು ಯಾರೂ ಇಲ್ಲ. ಶರ್ಟಿನ ಮೇಲೆ ಉಳಿಸಿದ್ದು ಟೈಗೆ ಹೋಯಿತು, ಟೈ ಮೇಲೆ ಉಳಿಸಿದ್ದು ಕಬ್ಬಿನ ಹಾಲಿಗೆ. ಬಿಲ್ಲಿನ ಕೆಳಗೆ ‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಎಂದು ಅಚ್ಚಾಗಿತ್ತು.

ಬರುವ ದಾರಿಯಲ್ಲಿ ಒಂದು ನೆಹರೂ ಜಾಕೆಟ್ಟಿಗೂ ಮನಸ್ಸು ಹೋಗಿತ್ತು, 2,800 ರೂಪಾಯಿಯದು. ಇವಳು ಬೆಲೆಯ ಚೀಟಿ ತಿರುಗಿಸಿ ನೋಡಿ, “2025ರ ಸೆಪ್ಟೆಂಬರ್ 22ರಿಂದ ಏನಾಯ್ತು ಗೊತ್ತಾ? ಎರಡೂವರೆ ಸಾವಿರ ದಾಟಿದ ಹೊಲಿದ ಬಟ್ಟೆಗೆಲ್ಲ ಹದಿನೆಂಟು ಪರ್ಸೆಂಟ್ ಜಿಎಸ್‌ಟಿ. ಅದರೊಳಗಿದ್ರೆ ಐದು” ಎಂದಳು. ಇವಳು ಪೇಪರಿನಲ್ಲಿ ರಾಶಿಭವಿಷ್ಯ ಬಿಟ್ಟು ಬೇರೆಯದನ್ನೂ ಓದುತ್ತಾಳೆಂದು ಆಗ ತಿಳಿಯಿತು. “ಮತ್ತೆ ನಿನ್ನ ಸೀರೆ?” ಎಂದೆ, ಸಿಕ್ಕಿಬಿದ್ದಳು ಎಂಬ ಹುಮ್ಮಸ್ಸಿನಲ್ಲಿ. “ಸೀರೆ ಹೊಲಿದದ್ದಲ್ಲವಲ್ಲ. ಎಷ್ಟು ಸಾವಿರದ್ದಾದ್ರೂ ಐದೇ.” ಜಾಕೆಟ್ಟನ್ನು ಮತ್ತೆ ಹ್ಯಾಂಗರಿಗೆ ಸೇರಿಸಿದೆ. ಕೇಂದ್ರ ಸರ್ಕಾರವೇ ಇವಳ ಪಕ್ಷ ಸೇರಿದ ಮೇಲೆ ನಾನೊಬ್ಬ ಏನು ಮಾಡಲಿ?

ಅರ್ಧ ಬೆಲೆಯ ಸೀರೆ ಮನೆಗೆ ಬಂದ ಮೇಲೆ ಅದರ ಇನ್ನರ್ಧ ಶುರುವಾಗುತ್ತದೆ. ಫಾಲು, ಜಿಗ್‌ಜಾಗು. ಸೆರಗಿಗೆ ಕುಚ್ಚು, ಬರೀ ಗಂಟು ಹಾಕಿದರೆ ಒಂದು ದರ, ಕ್ರೋಶಾ ಆದರೆ ಇನ್ನೊಂದು, ಮಣಿ ಸೇರಿದರೆ ಕೇಳಬೇಡಿ. ಬ್ಲೌಸಿಗೆ ಲೈನಿಂಗ್ ಬೇಕು. ಹೊಲಿಗೆಯವಳು ವರಮಹಾಲಕ್ಷ್ಮಿ ಹತ್ತಿರ ಬಂದಿದೆ, ಅರ್ಜೆಂಟಾದರೆ ರೇಟು ಬೇರೆ ಅಂದಳು. ತೋಳಿಗೆ ಆರಿ ವರ್ಕ್ ಮಾಡಿಸಿದರೆ ಚೆನ್ನಾಗಿರುತ್ತೆ ಎಂದು ಮೂಲೆ ಮನೆಯವರೇ ಬಂದು ಹೇಳಿ ಹೋದರು. ಒಟ್ಟು ಎಷ್ಟಾಯಿತು ಅಂತ ಕೂಡಿದಾಗ, ಬ್ಲೌಸಿಗೆ ಸೀರೆ ಫ್ರೀ ಬಂದಿತ್ತು.

ಮಗನನ್ನು ನಾವು ಕರೆದುಕೊಂಡು ಹೋಗಿರಲಿಲ್ಲ. ಅವನು ಇಂಜಿನಿಯರಿಂಗ್ ಓದುತ್ತಾನೆ, ಬಟ್ಟೆ ಫೋನಿನಲ್ಲೇ ತರಿಸುತ್ತಾನೆ. ಈ ಸಲ ತರಿಸಿದ್ದು ಮೊಣಕಾಲಿನ ಹತ್ತಿರ ಹರಿದ ಜೀನ್ಸು. ಹರಿದಿರುವುದಕ್ಕೇ ಹೆಚ್ಚು ಬೆಲೆಯಂತೆ. ಅಮ್ಮ ಅದನ್ನು ಒಗೆದ ಬಟ್ಟೆಗಳ ನಡುವೆ ನೋಡಿ, ಪಾಪ ಮೊಮ್ಮಗ ಹೇಳಿಕೊಳ್ಳಲಿಲ್ಲ ಎಂದು ಮರುಗಿ, ಮಧ್ಯಾಹ್ನವೆಲ್ಲ ಕೂತು ಅಚ್ಚುಕಟ್ಟಾಗಿ ತೇಪೆ ಹಾಕಿಟ್ಟರು. ಆ ತೇಪೆ ನನ್ನ ಕಂದು ಪ್ಯಾಂಟು ಹೊಲಿಸಿದಾಗ ಉಳಿದ ತುಂಡಿನದು. ಅವನು ಒಂದು ದಿನ ಮಾತು ಬಿಟ್ಟ. ಮರುದಿನ ಕಾಲೇಜಿಗೆ ಹಾಕಿಕೊಂಡು ಹೋದ. ಸ್ನೇಹಿತರೆಲ್ಲ ಯಾವ ಬ್ರ್ಯಾಂಡು ಅಂತ ಕೇಳಿದರಂತೆ. ಮನೆಯಲ್ಲಿ ಆ ಪ್ಯಾಂಟಿನ ಬೆಲೆ ಗೊತ್ತಿದ್ದವನು ನಾನೊಬ್ಬನೇ ಅಂತ ಆಗಲೂ ಯಾರೂ ಒಪ್ಪಲಿಲ್ಲ.

ನೇರಳೆ ಸೀರೆಯನ್ನು ಮೊದಲ ಸಲ ಕಲ್ಲುಪ್ಪಿನ ನೀರಿನಲ್ಲಿ ಬೇರೆಯಾಗಿ ನೆನೆಸಬೇಕು ಎಂದು ಅಮ್ಮ ಹೇಳಿದ್ದರು. ಇವಳು ನೆನೆಸಿದ್ದಳು. ಬಕೆಟ್ಟಿನಲ್ಲಿ ಜಾಗ ಇದೆಯಲ್ಲ, ಸುಮ್ಮನೆ ನೀರು ದಂಡ ಎಂದು ನನ್ನ ಬನಿಯನ್ನುಗಳನ್ನೂ ಭೀಮನ ಅಮಾವಾಸ್ಯೆಗೆಂದು ತೆಗೆದಿಟ್ಟಿದ್ದ ಪಂಚೆಯನ್ನೂ ಅದರಲ್ಲೇ ಹಾಕಿದ ಮಿತವ್ಯಯಿ ಯಾರೆಂದು ಹೇಳಬೇಕಾಗಿಲ್ಲ. ಸೀರೆ ಹಾಗೆಯೇ ಉಳಿಯಿತು. ಬಣ್ಣ ಮಾತ್ರ ಧಾರಾಳಿ. ಆ ವಾರ ಆಫೀಸಿನಲ್ಲಿ ನಾನು ಮೇಲಿನ ಗುಂಡಿ ಬಿಚ್ಚಲಿಲ್ಲ.

ಭೀಮನ ಅಮಾವಾಸ್ಯೆ ಆಷಾಢದ ಕೊನೆಯ ದಿನ. ರಿಯಾಯಿತಿಗೂ ಅದೇ ಗಡುವು. ಆ ದಿನ ಹೆಂಡತಿ ಜ್ಯೋತಿರ್ಭೀಮೇಶ್ವರನಿಗೆ ಪೂಜೆ ಮಾಡಿ, ಗಂಡನ ಪಾದಪೂಜೆ ಮಾಡುತ್ತಾಳೆ. ವರ್ಷದಲ್ಲಿ ನನ್ನ ಪಾದ ನೆಲದ ಮೇಲಿಲ್ಲದ ದಿನ ಅದೊಂದೇ, ಮಣೆಯ ಮೇಲಿರುತ್ತದೆ. ತೆಳು ನೇರಳೆಯ ಪಂಚೆಯುಟ್ಟು ಗಂಭೀರವಾಗಿ ಕೂತೆ. ಕುಂಕುಮಕ್ಕೆ ಬಂದ ಮೂಲೆ ಮನೆಯವರು, “ಪಂಚೆ ಹೊಸದಾ? ಈ ಬಣ್ಣದ್ದು ಎಲ್ಲೂ ನೋಡಿರ್ಲಿಲ್ಲ” ಎಂದರು. ಚಿಕ್ಕಪೇಟೆ ಎಂದೆ. ಎಷ್ಟಕ್ಕೆ ಕೊಟ್ಟರು ಅಂತ ಕೇಳಿಕೊಂಡು ಹೋದರು. ಇನ್ನು ಎಷ್ಟು ಜನ ಗಂಡಂದಿರು ಆ ಬಣ್ಣದ ಪಂಚೆಗಾಗಿ ಅಲೆಯಬೇಕೋ!

ಆ ದಿನ ಹೊಸ್ತಿಲ ಮೇಲೆ ಕಾಸು ಬಚ್ಚಿಟ್ಟ ಕಡುಬಿಟ್ಟು ಮೊಣಕೈಯಿಂದ ಭಂಡಾರ ಒಡೆಯುವುದು ತಮ್ಮಂದಿರ ಕೆಲಸ. ಭಾವಮೈದ ತಿಪಟೂರಿನಿಂದ ಬಂದಿದ್ದ, ಸಣಕಲು ಆಳು. ಒಡೆದ ಮೇಲೆ ಅವನಿಗೆ ಏನಾದರೂ ಉಡುಗೊರೆ ಕೊಡಬೇಕಲ್ಲ, ಇವಳು ಒಳಗೆ ಹೋಗಿ ಆ ಆನೆಯ ಶರ್ಟನ್ನು ತಂದು ತಟ್ಟೆಯಲ್ಲಿಟ್ಟಳು. ನನಗೆ ಒಂದು ಮಾತೂ ಹೇಳಿರಲಿಲ್ಲ. ಅವನು ಹಾಕಿಕೊಂಡ. ಒಂದು ಆನೆಯೂ ಅಲುಗಲಿಲ್ಲ.

“ಭಾವ, ಎಷ್ಟು ಕೊಟ್ರಿ ಇದಕ್ಕೆ?”

ಇಡೀ ಆಷಾಢದಲ್ಲಿ ಆ ಶರ್ಟಿನ ಬಗ್ಗೆ ಯಾರೂ ಕೇಳದಿದ್ದ ಪ್ರಶ್ನೆ. ಎದ್ದು ಕೂತು, “2,999ರದ್ದು. ಸಾವಿರದ ಇನ್ನೂರಕ್ಕೆ ಹೊಡೆದೆ” ಎಂದೆ, ಒಂದೊಂದು ಅಕ್ಷರವನ್ನೂ ಬಿಡಿಸಿ.

ಅವನು ತನ್ನ ಚೀಲಕ್ಕೆ ಕೈ ಹಾಕಿ ಒಂದು ಪೊಟ್ಟಣ ತೆಗೆದ. ನೀಲಿ. ಬಿಳಿ ಆನೆ. “ನಿಮಗೆ ಅಂತ ತಂದೆ ಭಾವ. ನಮ್ಮೂರ ಬಸ್‌ಸ್ಟ್ಯಾಂಡ್ ಪಕ್ಕ, ಐನೂರೈವತ್ತು. ಡಿಸ್ಕೌಂಟ್ ಗಿಸ್ಕೌಂಟ್ ಏನಿಲ್ಲ, ಬರೀ ರೇಟು. ದೊಡ್ಡ ಸೈಜ್ ಹುಡುಕಿಸಿದೆ.”

“ಕೇಳಿದ್ರೆ ಇನ್ನೂ ಕಮ್ಮಿ ಮಾಡ್ತಿದ್ನೇನೋ ಕಣಪ್ಪ” ಎಂದರು ಅಮ್ಮ.

ಹಾಕಿಕೊಂಡೆ. ಆಗುತ್ತಿತ್ತು, ಅದೇ ದುಃಖ. ಮಗ ಫೋಟೋ ತೆಗೆಯುತ್ತೇನೆ, ಇಬ್ಬರೂ ಪಕ್ಕಪಕ್ಕ ನಿಲ್ಲಿ ಎಂದ. ನಿಂತೆವು. ಅವನು ಫೋನಿನೊಳಗೆ ನೋಡಿ, “ಅಪ್ಪಾ, ಯಾವೂರ ಬ್ಯಾಂಡ್‌ಸೆಟ್ ಇದು?” ಎಂದ. ಇವಳಿಗೆ ನಗು ತಡೆಯಲಾಗಲಿಲ್ಲ. “ಇರು ಇರು, ಭಾವ ಯಾರು, ಭಾವಮೈದ ಯಾರು ಅಂತ ಗೊತ್ತಾಗ್ಬೇಡ್ವಾ?” ಎನ್ನುತ್ತ ಒಳಗೆ ಹೋದವಳು, ಆ ಕೆಂಪು ಟೈ ಹಿಡಿದುಕೊಂಡು ಬಂದಳು.